ಮಿಂಚುಳ್ಳಿ ನೌಕೆಯಲ್ಲಿ ಆಡಬಾರದ ಮಾತು

ಅಜ್ಜಂಪುರದ ಸುತ್ತಿನ ಮಕ್ಕಳು ಜಗಳವಾಡುವಾಗ ಅಪ್ಪ ಅವ್ವನ ತಂಟೆಗೆ ಹೋಗುವುದಿಲ್ಲ. ‘ನಿಂಗೆ ಗ್ರಹಣ ಹಿಡಿಯ’ ಎನ್ನುತ್ತವೆ. ಸಿಟ್ಟು ಇನ್ನೂ ಏರಿದರೆ ‘ನಿನ್ ತಲೆ ಮೇಲೆ ಉಲ್ಕೆ ಬೀಳ’. ತರೀಕೆರೆಯಲ್ಲಿ ಚಿಲ್ಲರೆಗಾಗಿ ಕೂಗಾಡುವ ಕಂಡಕ್ಟರಿಗೂ, ಕಡೂರಿನ ಸಂತೆಯಲ್ಲಿ ಕೊಳೆತ ಟೊಮೆಟೊ ಅಡಿಗಿಟ್ಟು ತೂಗುವವಳಿಗೂ ಈ ಬೈಗುಳ ಬಾಯಿಪಾಠ. ಹೊರಗಿನಿಂದ ಬಂದವರು ಇದೇನು ಜ್ಯೋತಿಷಿಗಳ ಸೀಮೆಯೇ ಎಂದುಕೊಳ್ಳಬಹುದು. ಅಲ್ಲ. ಇದು ಮಿಂಚುಳ್ಳಿ ನೌಕೆಯ ಭಾಷೆ.

ಮಿಂಚುಳ್ಳಿ ನೌಕೆ ಎಂಬುದು ಒಂದು ನಾಟಕ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ವೆಂಕಟಸುಬ್ಬಯ್ಯ ಮೇಷ್ಟ್ರು ಮೂವತ್ತು ವರ್ಷಕ್ಕೂ ಹಿಂದೆ ಅದನ್ನು ಶುರುಮಾಡಿದರು. ಪ್ರತಿ ಬೇಸಿಗೆಗೊಂದು ಹೊಸ ಕಥೆ; ಆದರೆ ಆಕಾಶದಲ್ಲಿ ತೇಲುವ ನೌಕೆ ಅದೇ, ಒಳಗಿರುವವರೂ ಅವರೇ. ಕ್ಯಾಪ್ಟನ್ ವಸುಂಧರೆ, ಯಂತ್ರ ರಿಪೇರಿ ಮಾಡುವ ತಾರೆ, ಎಣ್ಣೆ ಡಬ್ಬಗಳಿಂದ ಮಾಡಿದ ಯಂತ್ರಮಾನವ ತಗಡಪ್ಪ. ನಟರಿಗೆ ವಯಸ್ಸಾದರೆ ಪಾತ್ರ ಇನ್ನೊಬ್ಬರಿಗೆ ಹೋಗುತ್ತದೆ, ಪಾತ್ರಕ್ಕೆ ಮಾತ್ರ ವಯಸ್ಸಾಗುವುದಿಲ್ಲ. ಮೊದಲ ವರ್ಷ ಚಾಪೆ ಮೇಲೆ ಕೂತು ನೋಡಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅಜ್ಜಿಯರು ಬರುತ್ತಾರೆ, ಮಂಡಕ್ಕಿ ಪೊಟ್ಟಣ ಬರುತ್ತದೆ, ಬಾಣಂತಿಯೂ ಕಿವಿಗೆ ಹತ್ತಿ ಇಟ್ಟುಕೊಂಡು ಬಂದುಬಿಡುತ್ತಾಳೆ.

ಆ ಬೈಗುಳಗಳನ್ನು ಕಟ್ಟಿದವರೂ ಮೇಷ್ಟ್ರೇ. ಬಯ್ಯದೆ ಸಿಟ್ಟು ಇಳಿಯುವುದಿಲ್ಲ, ಹೊಲಸು ಬೈದರೆ ನಾಲಿಗೆ ಕೆಡುತ್ತದೆ ಎಂಬುದು ಅವರ ನಂಬಿಕೆ. ನಾಲಿಗೆಯ ಮೇಲೆ ಶಾರದೆ ಕೂತಿರುವಾಗ ಅಲ್ಲಿ ಕಸ ಸುರಿಯುವುದುಂಟೇ? ಅದಕ್ಕೇ ನಡುವಿನ ದಾರಿಯೊಂದನ್ನು ಹುಡುಕಿದರು. ಗಣಪತಿ ಪೂಜೆ ಆಗದೆ ಅವರ ಪರದೆ ಏಳುತ್ತಿರಲಿಲ್ಲ. ಪೂಜೆಯಾದ ಮೇಲೆ ಆ ಹಲಗೆ ರಂಗವಲ್ಲ, ಗದ್ದುಗೆ. ಇಷ್ಟು ವರ್ಷದಲ್ಲಿ ಅದರ ಮೇಲೆ ಒಂದು ಹೊಲಸು ಮಾತೂ ಬಿದ್ದಿರಲಿಲ್ಲ.

ಈ ವರ್ಷ ಮೇಷ್ಟ್ರ ಕೈ ನಡುಗತೊಡಗಿತ್ತು. ಕಥೆಯನ್ನು ನಯನ ಬರೆದಳು. ಬುಕ್ಕಾಂಬುಧಿಯ ಹತ್ತಿರ ತೆಂಗಿನ ತೋಟ ಮಾಡಿಕೊಂಡಿದ್ದ ಕರಿಯಮ್ಮನ ಮಗಳು. ತಾರೆಯ ಪಾತ್ರವೂ ಮೂರು ವರ್ಷದಿಂದ ಅವಳದೇ. ಕಡೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದವಳು, ಹೋದ ಮಳೆಗಾಲದಲ್ಲಿ ಬಿಟ್ಟು ಬಂದು ಮನೆಯಲ್ಲಿದ್ದಳು. ಯಾಕೆಂದು ಕೇಳಿದವರಿಗೆ ‘ಹೊಂದ್ಲಿಲ್ಲ’ ಎಂದಷ್ಟೇ ಹೇಳಿದ್ದಳು.

ಕರಿಯಮ್ಮನ ಕಣದಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ, ಒಂದು ಸಂಜೆ ಎಲ್ಲರೂ ಕೂತು ಓದಿಸಿ ಕೇಳಿದರು. ಕಥೆ ಚೆನ್ನಾಗಿತ್ತು. ಮಿಂಚುಳ್ಳಿ ನೌಕೆ ಇಂಧನ ತುಂಬಿಸಿಕೊಳ್ಳಲು ದೂರದ ಒಂದು ನಿಲ್ದಾಣಕ್ಕೆ ಹೋಗುತ್ತದೆ. ಅಲ್ಲಿಯ ಮುಖ್ಯಸ್ಥ ದೊಡ್ಡ ಮನುಷ್ಯ, ನಗುನಗುತ್ತ ಮಾತಾಡುವವನು. ತಾರೆ ಒಬ್ಬಳೇ ಯಂತ್ರ ಬಿಚ್ಚುತ್ತಿದ್ದಾಗ ಬಂದು ಅವಳ ಕಿವಿಯ ಬಳಿ ಏನೋ ಹೇಳುತ್ತಾನೆ. ತಾರೆ ದೂರು ಕೊಡುತ್ತಾಳೆ. ನಿಲ್ದಾಣದ ಸಭೆ ಸೇರುತ್ತದೆ. ‘ಏನಂದ ಹೇಳಮ್ಮ’ ಎನ್ನುತ್ತಾರೆ. ಆಗ ತಾರೆ ಅವನು ಅಂದದ್ದನ್ನು ಅಂದ ಹಾಗೇ ಹೇಳುತ್ತಾಳೆ.

ಓದುತ್ತಿದ್ದವನು ತಗಡಪ್ಪನ ಪಾತ್ರದ ಸತೀಶ್, ತರೀಕೆರೆಯಲ್ಲಿ ಆಟೋ ಓಡಿಸುವವನು. ಆ ಸಾಲಿಗೆ ಬಂದವನೇ ತಡೆದು ನಿಂತ.

“ಮುಂದಕ್ ಓದೋ,” ಎಂದರು ಮೇಷ್ಟ್ರು.

“ಸಾರ್, ಇದು ನನ್ ಆಟೋದಲ್ಲೂ ಯಾರೂ ಅನ್ನಲ್ಲ ಸಾರ್.”

ಮೇಷ್ಟ್ರು ಹಾಳೆ ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದರು. ಮುಖ ಕೆಂಪಾಯಿತು. “ಏನಮ್ಮಾ ಇದು? ಕೈತಪ್ಪಿ ಬರೆದದ್ದೋ, ಬೇಕೂಂತ ಬರೆದದ್ದೋ?”

“ಬೇಕೂಂತಲೇ ಮೇಷ್ಟ್ರೇ.”

“ಇಲ್ಲಿ ‘ಗ್ರಹಣದ ಮಾತು ಅಂದ್ರು’ ಅಂತ ಹಾಕು. ಜನಕ್ಕೆ ಅರ್ಥವಾಗತ್ತೆ.”

“ಅರ್ಥ ಆಗಲ್ಲ ಮೇಷ್ಟ್ರೇ. ಆಗಿದ್ರೆ ನಾನ್ಯಾಕೆ ಬರೀತಿದ್ದೆ?”

“ಎಳೇ ಮಕ್ಕಳು ಕೂತಿರ್ತಾವೆ! ತಾಯಂದಿರು ನನ್ನ ನಂಬಿ ಕರ್ಕೊಂಡು ಬರ್ತಾರೆ. ನಾಳೆ ಯಾವುದೋ ಮಗು ಮನೇಲಿ ಈ ಮಾತು ಆಡಿದ್ರೆ ನಾನು ಯಾವ ಮುಖ ಇಟ್ಕೊಂಡು ದೇವರಿಗೆ ದೀಪ ಹಚ್ಚಲಿ? ಆಗದು ಅಂದ್ರೆ ಆಗದು.”

“ಹಂಗಾದ್ರೆ ತಾರೆ ಪಾತ್ರಕ್ಕೂ ಬೇರೆ ಯಾರ್ನಾದ್ರೂ ನೋಡ್ಕೊಳ್ಳಿ.”

ಕಾಯಿ ಸುಲಿಯುತ್ತಿದ್ದ ಕರಿಯಮ್ಮ ಎದ್ದು ನಿಂತಳು. “ಲೇ, ದೊಡ್ಡೋರ ಮುಂದೆ ಏನೇ ಅದು ಬಾಯಿ? ನೆಟ್ಟಗೆ ತಿದ್ದಿ ಬರ್ಕೊಡು.”

“ನೀನು ದಿನಾ ಎತ್ತಿಗೆ ಏನ್ ಬಯ್ತೀಯ ಅಂತ ಬರೀಲೇನವ್ವ?”

“ಎತ್ತಿಗೆ ಬಯ್ಯೋದು ಎತ್ತಿಗೂ ನಂಗೂ ಇರೋ ವಿಷ್ಯ ಕಣೇ. ಅದು ವಾಪಸ್ ಬಯ್ಯಲ್ಲ, ಯಾರ್ಗೂ ಹೇಳಲ್ಲ. ಪೂಜೆ ಮಾಡಿದ ಜಾಗ್ದಲ್ಲಿ ನಿಂತ್ಕಂಡು ಆಡೋ ಮಾತೇನೇ ಇದು? ಥೂ!”

ಸತೀಶ್ ನಗಲು ಹೋಗಿ ನಯನಳ ಮುಖ ನೋಡಿ ಸುಮ್ಮನಾದ. ಅವಳು ಹಾಳೆಗಳನ್ನು ಕೂಡ ಎತ್ತಿಕೊಳ್ಳದೆ ತೋಟದೊಳಕ್ಕೆ ನಡೆದುಬಿಟ್ಟಳು.

ಕಣದಲ್ಲಿ ಆದ ಜಗಳ ಕಣದಲ್ಲೇ ಉಳಿಯುವುದುಂಟೇ? ಸತೀಶನ ಬಾಯಿಂದ ಹೊರಬಿದ್ದು ಬೆಳಗಾಗುವುದರೊಳಗೆ ‘ಮಿಂಚುಳ್ಳಿ ಬಳಗ’ದ ವಾಟ್ಸಾಪಿಗೆ ಬಂತು. ಹಳೆಯ ನಟರು, ನೋಡುಗರು, ಮೂರು ಊರಿನವರೂ ಇರುವ ಗುಂಪು ಅದು. ಏನು ಮಾತು, ಯಾರಿಗೆ ಅಂದ ಮಾತು ಎಂದು ಯಾರಿಗೂ ಗೊತ್ತಿಲ್ಲ. ಹೊಲಸು ಮಾತು ಬರುತ್ತದಂತೆ ಎಂಬುದಷ್ಟೇ ಗೊತ್ತು. ಕೆಲವರು ಕಾಲ ಬದಲಾಗಿದೆ, ಮಕ್ಕಳು ಮೊಬೈಲಿನಲ್ಲಿ ಇದರಪ್ಪನಂಥದ್ದನ್ನು ಕೇಳುತ್ತವೆ ಎಂದರು. ಮೊಬೈಲಿನಲ್ಲಿ ಕೇಳುತ್ತವೆಂದೇ ನಮ್ಮದೊಂದಾದರೂ ಶುದ್ಧವಾಗಿರಲಿ ಎಂದರು ಹಲವರು. ಸುಲೋಚನಮ್ಮ ಎಂಬ ಹಳೆಯ ಕ್ಯಾಪ್ಟನ್ ವಸುಂಧರೆ, ‘ನಾನು ಆ ವೇಷ ಹಾಕಿದ್ದಾಗ ಉಪವಾಸ ಇದ್ದು ರಂಗ ಹತ್ತುತ್ತಿದ್ದೆ’ ಎಂದು ಬರೆದರು. ಅದಕ್ಕೆ ಕೈಮುಗಿದ ಚಿತ್ರಗಳ ಸುರಿಮಳೆ.

ಎಲ್ಲರಿಗಿಂತ ಉದ್ದಕ್ಕೆ ಬರೆದವನು ಕಡೂರಿನ ರವಿಕುಮಾರ. ‘ಈ ನಾಟಕದಿಂದಲೇ ನಾನು ಮನುಷ್ಯನಾದವನು. ಮಕ್ಕಳು ಮರಿ, ಹೆಣ್ಣುಮಕ್ಕಳು ಕೂತು ನೋಡುವ ನಾಟಕ. ದಯಮಾಡಿ ಸಂಸ್ಕಾರ ಉಳಿಸಿ. ಒಂದು ಕೆಟ್ಟ ಮಾತು ಬಂದರೂ ನಾನಂತೂ ನನ್ನ ಮಗಳ ಕೈ ಹಿಡಿದು ಎದ್ದು ಹೊರಡುವೆ.’

ಅದನ್ನು ಓದಿದ ನಯನ ತಿಂಡಿ ತಿನ್ನುತ್ತಿದ್ದ ತಟ್ಟೆಯನ್ನು ಅಂಗಳಕ್ಕೆ ಎಸೆದಳು. ಕರಿಯಮ್ಮ ಬೆಚ್ಚಿಬಿದ್ದಳು. ಅನ್ನದ ತಟ್ಟೆ ಎಸೆಯುವ ಮಗಳಲ್ಲ ಅವಳು. ಏನಾಯಿತೆಂದು ಕೇಳುವುದರೊಳಗೆ ನಯನ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟಳು. ತಾಯಿ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹತ್ತಿದಳು.

ಅಜ್ಜಂಪುರದಲ್ಲಿ ಮೇಷ್ಟ್ರು ಪೂಜೆ ಮುಗಿಸಿ ಜಗಲಿಗೆ ಬಂದಿದ್ದರಷ್ಟೆ. ಅವರ ಹೆಂಡತಿ ಭಾಗೀರಥಮ್ಮ ನಾಟಕದ ಬಟ್ಟೆಗೆ ಬೆಳ್ಳಿ ಬಣ್ಣದ ಅಂಚು ಹೊಲಿಯುತ್ತಿದ್ದರು. ನಯನ ಮೊಬೈಲನ್ನು ಮೇಷ್ಟ್ರ ಮುಂದೆ ಹಿಡಿದಳು.

“ಓದಿ ಮೇಷ್ಟ್ರೇ. ಗಟ್ಟಿಯಾಗಿ ಓದಿ.”

ಅವರು ಓದಿದರು. “ಸರಿಯಾಗೇ ಬರೆದಿದಾನಲ್ಲ. ನಮ್ಮ ರವಿ. ಚಿಕ್ಕೋನಾಗಿದ್ದಾಗ ಧೂಮಕೇತುವಿನ ಮಗನ ಪಾತ್ರ ಮಾಡ್ತಿದ್ದ. ಎಷ್ಟು ಮುದ್ದಾಗಿ ಆಡ್ತಿದ್ದ ಅಂತ...”

“ಆ ಮಾತು ಅವ್ರದ್ದೇ ಮೇಷ್ಟ್ರೇ.”

“ಯಾವ ಮಾತು?”

“ನಾಟಕದಲ್ಲಿ ಬರೆದಿದೀನಲ್ಲ, ನೀವು ಕಿತ್ಕೊಂಡ್ರಲ್ಲ, ಆ ಮಾತು. ಮಂಡಿಗೆ ಅವ್ರೇ ಮ್ಯಾನೇಜರು. ಮಧ್ಯಾಹ್ನ ಶಟರ್ ಅರ್ಧ ಎಳ್ದು ನನ್ ಕುರ್ಚಿ ಹಿಂದೆ ನಿಂತು ಅಂದಿದ್ದು. ಒಂದಿನ ಅಲ್ಲ.”

ಕರಿಯಮ್ಮನ ಕೈ ತಾನಾಗಿ ಬಾಯಿಗೆ ಹೋಯಿತು. ಭಾಗೀರಥಮ್ಮನ ಸೂಜಿ ನಿಂತಿತು.

“ಯಾರ್ಗೂ ಹೇಳ್ಲಿಲ್ವೇನೇ?” ಎಂದಳು ಕರಿಯಮ್ಮ.

“ಹೇಳ್ದೆ ಕಣವ್ವ! ದೂರು ಕೊಟ್ಟೆ. ವಿಚಾರಣೆ ಮಾಡಿದ್ರು. ಮಾಲೀಕರ ತಮ್ಮ, ಲೆಕ್ಕ ನೋಡೋರು, ಹೊರಗಿಂದ ಕರೆಸಿದ ಮಲ್ಲಿಕಾಂಬ ಅನ್ನೋ ಮೇಡಂ ಒಬ್ರು. ‘ಏನಂದ್ರಮ್ಮ, ಹೇಳು’ ಅಂದ್ರು. ರವಿಕುಮಾರ್ ಎದ್ರಿಗೇ ಕೂತಿದ್ರು. ಹೇಳ್ಬೇಕು ಅಂತ್ಲೇ ಬಾಯಿ ತೆಗೆದೆ ಮೇಷ್ಟ್ರೇ, ದೇವರಾಣೆ. ನನ್ ಬಾಯಿಂದ ಏನ್ ಬಂತು ಗೊತ್ತಾ? ‘ನಂಗೆ ಗ್ರಹಣದ ಮಾತು ಅಂದ್ರು.’ ಅಷ್ಟೇ! ಹುಟ್ಟಿದಾಗಿಂದ ಅದನ್ನೇ ಕಲ್ತಿರೋದು. ಅದೇ ಬಂತು.”

ಕರಿಯಮ್ಮ ಮಗಳ ಹತ್ತಿರಕ್ಕೆ ಸರಿದಳು.

“ಮೂರೂ ಜನ ಮುಖ ಮುಖ ನೋಡ್ಕೊಂಡು ನಕ್ಕರು. ಆ ಮೇಡಂ ಕೂಡ. ‘ಅಯ್ಯೋ ಇಷ್ಟೇನಾ, ನಮ್ಮನೆ ಮಕ್ಕಳೂ ದಿನಾ ಅಂತಾವೆ, ಮಿಂಚುಳ್ಳಿ ನೋಡಿ ಕಲ್ತಿರೋದು’ ಅಂದ್ರು. ರವಿಕುಮಾರ್ ಕೂಡ ನಕ್ಕರು. ‘ತಮಾಷೆಗೆ ಅಂದಿರ್ಬೋದು ಸಾರ್, ನಾನೂ ಹಳೇ ನಟ’ ಅಂದ್ರು! ನನ್ನನ್ನ ನೋಡಿ, ‘ಬೇಜಾರಾಗಿದ್ರೆ ಸಾರಿ ಮಗಳೇ’ ಅಂದ್ರು. ಮಗಳೇ! ವಿಚಾರಣೆ ಮುಗೀತು. ನಾನು ಕೆಲ್ಸ ಬಿಟ್ಟೆ. ಅವ್ರು ಅಲ್ಲೇ ಇದಾರೆ. ನಿಮ್ಮ ಆ ಹೂವಿನಂಥ ಬೈಗುಳ ಇದ್ಯಲ್ಲ ಮೇಷ್ಟ್ರೇ, ಅದು ನನ್ನ ಕಾಪಾಡ್ಲಿಲ್ಲ. ಅವ್ರನ್ನ ಕಾಪಾಡ್ತು.”

ಮುದುಕರಿಗೆ ಸಿಟ್ಟು ಬಂದರೆ ಮೊದಲು ಉಸಿರು ಸಿಕ್ಕಿಕೊಳ್ಳುತ್ತದೆ. ಮೇಷ್ಟ್ರು ಕಂಬ ಹಿಡಿದುಕೊಂಡರು. ಯಾರ ಮೇಲೆ ಸಿಟ್ಟೆಂದು ಅವರಿಗೇ ತಿಳಿಯದೆ, “ನನ್ನ ಮಾತಿಗೆ ಯಾಕೆ ತಗಲ್ಹಾಕ್ತೀಯ? ನಾನು ಕೆಟ್ಟದ್ದು ಮಾಡಿದೆನೇ? ಮಕ್ಕಳ ಬಾಯಿ ಶುದ್ಧವಾಗಿರಲಿ ಅಂದದ್ದು ತಪ್ಪೇ?” ಎಂದು ಕೂಗಿದರು.

“ಅವ್ರ ಬಾಯೂ ನೀವೇ ತೊಳ್ದಿದ್ದು ಮೇಷ್ಟ್ರೇ,” ಎಂದಳು ನಯನ.

ಜಗಲಿಯ ಮುಂದೆ ಹಾಲಿನವನ ಸೈಕಲ್ ಹಾದುಹೋಯಿತು. ಮೇಷ್ಟ್ರು ಕಂಬ ಬಿಟ್ಟು ತುಳಸಿಕಟ್ಟೆಯ ಕಡೆ ತಿರುಗಿ ಕೂತರು. ದೇವರನ್ನು ನಂಬಿದವರಿಗೆ ಒಂದು ಕಷ್ಟವಿದೆ: ಶುದ್ಧಿ ಎಂದು ತಾವು ಕಾಪಾಡಿದ್ದು ದೇವರಿಗೆ ಬೇಕಾಗಿತ್ತೋ, ತಮಗೆ ಬೇಕಾಗಿತ್ತೋ ಎಂದು ಒಂದಲ್ಲ ಒಂದು ದಿನ ಕೇಳಿಕೊಳ್ಳಬೇಕಾಗುತ್ತದೆ. ಉತ್ತರ ಬೇಗ ಸಿಗುವುದಿಲ್ಲ.

“ಹೇಳು,” ಎಂದರು ಕೊನೆಗೆ. “ನನ್ನೆದುರು ಹೇಳು. ಅವನು ಹೇಗಂದನೋ ಹಾಗೆ.”

ನಯನ ಹೇಳಿದಳು. ಭಾಗೀರಥಮ್ಮ ‘ಶಿವ ಶಿವಾ’ ಎಂದರು. ಕರಿಯಮ್ಮ ಗೋಡೆಗೆ ತಿರುಗಿ ನಿಂತಳು.

“ಒಂದಕ್ಷರ ಬದಲಾಯಿಸಬೇಡ,” ಎಂದರು ಮೇಷ್ಟ್ರು. “ಆದರೆ ಮಕ್ಕಳು ಕೂತಿರಕೂಡದು. ಅದನ್ನ ಮಾತ್ರ ನಾನು ಬಿಡಲಾರೆ.”

“ಮಕ್ಕಳನ್ನ ಆ ಹೊತ್ತಿಗೆ ನಾನು ಹೊರಗೆ ಕರ್ಕೊಂಡು ಹೋಗ್ತೀನಿ,” ಎಂದರು ಭಾಗೀರಥಮ್ಮ. “ಕಥೆ ಹೇಳ್ತೀನಿ. ನಿಮ್ಮ ನಾಟಕಕ್ಕಿಂತ ಚೆನ್ನಾಗೇ ಹೇಳ್ತೀನಿ ಬಿಡಿ.”

ಈ ವರ್ಷದ ಮೊದಲ ಪ್ರದರ್ಶನ ಕಡೂರಿನಲ್ಲಿ. ಶಾಲೆಯ ಮೈದಾನದಲ್ಲಿ ಶಾಮಿಯಾನ. ಮುಂದಿನ ಸಾಲಿನ ಕುರ್ಚಿಗಳು ಎಂದಿನಂತೆ ಹಳೆಯ ನಟರಿಗೆ ಮೀಸಲು. ಸುಲೋಚನಮ್ಮ ಬಂದು ಮುಖ ಗಂಟಿಕ್ಕಿಕೊಂಡು ಕೂತರು. ರವಿಕುಮಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿ ಭವ್ಯಳನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಬಂದ. ಪರದೆಯ ಹಿಂದೆ ಹೋಗಿ ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡಿದ. ಮೇಷ್ಟ್ರು ಕಾಲು ಹಿಂದೆಳೆದುಕೊಂಡದ್ದನ್ನು ವಯಸ್ಸಿನ ನಡುಕ ಎಂದುಕೊಂಡನೇನೋ.

ಗಣಪತಿ ಪೂಜೆಯಾಯಿತು. ಸೂರ್ಯ ಮುಳುಗಿದ ಮೇಲೆ ನೌಕೆ ಹಾರಿತು. ತಗಡಪ್ಪನ ಡಬ್ಬಗಳು ಕಟಕಟ ಎಂದಾಗ ಮಕ್ಕಳು ಎಂದಿನಂತೆ ಬಿದ್ದು ಬಿದ್ದು ನಕ್ಕವು. ನಿಲ್ದಾಣ ಬಂತು. ಹೊನ್ನೇಶ್ ಎಂಬ ಹುಡುಗ ಮುಖ್ಯಸ್ಥನಾಗಿ ನಗುತ್ತ ನಗುತ್ತ ತಾರೆಯ ಕಿವಿಯ ಬಳಿ ಬಾಗಿದ. ಸಭೆ ಸೇರುವ ಹೊತ್ತಿಗೆ ಪರದೆ ಬಿತ್ತು. ಮೇಷ್ಟ್ರು ಮೈಕಿನ ಮುಂದೆ ಬಂದರು.

“ತಾಯಂದಿರೇ, ಇನ್ನು ಮುಂದೆ ಒಂದು ಹೊಲಸು ಮಾತು ಬರತ್ತೆ. ನಾನೇ ಬೇಡ ಅಂದಿದ್ದೆ. ಈಗ ನಾನೇ ಬೇಕು ಅಂತಿದೀನಿ. ಮಕ್ಕಳನ್ನ ನಮ್ಮನೆಯವರ ಜೊತೆ ಹೊರಗೆ ಕಳಿಸಿ. ದೊಡ್ಡವರು ಕೂತು ಕೇಳಿ. ನನ್ನ ಮೇಲೆ ಸಿಟ್ಟಿದ್ರೆ ನಾಟಕ ಮುಗಿದ ಮೇಲೆ ಬಂದು ಬಯ್ಯಿರಿ.”

ಗಲಭೆಯೆದ್ದಿತು. ‘ಇದೇನ್ರೀ ಅನ್ಯಾಯ’ ಎಂದರು, ‘ನಡೀರಿ ಮನೆಗೆ’ ಎಂದರು. ಆದರೆ ಎಂಥ ಮಾತು ಎಂದು ಕೇಳದೆ ಎದ್ದುಹೋಗುವ ಶಕ್ತಿ ಎಷ್ಟು ಜನಕ್ಕಿದೆ? ಮಕ್ಕಳು ಮಾತ್ರ ಎದ್ದವು. ರವಿಕುಮಾರ ಮಗಳ ಕೈ ಹಿಡಿದು ಎದ್ದ. “ನಾನು ಮೊದಲೇ ಹೇಳಿದ್ದೆ,” ಎಂದು ಸುತ್ತಲಿನವರಿಗೆ ಕೇಳುವಂತೆ ಅಂದ.

ಭವ್ಯ ಅವನ ಕೈಯಿಂದ ಮಗಳನ್ನು ಬಿಡಿಸಿಕೊಂಡಳು. “ನೀವ್ ಕೂತ್ಕೊಳ್ರೀ. ಹಳೇ ನಟರು ನೀವು, ಮಧ್ಯ ಎದ್ದು ಹೋದ್ರೆ ಮೇಷ್ಟ್ರಿಗೆ ಬೇಜಾರಾಗತ್ತೆ. ಇವಳನ್ನ ನಾನು ಕರ್ಕೊಂಡು ಹೋಗ್ತೀನಿ.”

ಅವನು ಕೂತ. ಬೇರೆ ದಾರಿ ಇರಲಿಲ್ಲ.

ಹೊರಗೆ ಮಂಡಕ್ಕಿ ಗಾಡಿಯ ಬಳಿ ಭಾಗೀರಥಮ್ಮ ಮಕ್ಕಳನ್ನು ನೆಲಕ್ಕೆ ಕೂರಿಸಿ ನರಿಯೊಂದು ನಕ್ಷತ್ರ ನುಂಗಿದ ಕಥೆ ತೆಗೆದರು. ಇಷ್ಟೆಲ್ಲ ಯೋಚಿಸಿದವರು ಒಂದನ್ನು ಯೋಚಿಸಿರಲಿಲ್ಲ. ಕಡೂರಿನಲ್ಲಿ ಯಾವ ಕಾರ್ಯಕ್ರಮವಾದರೂ ಒಂದು ಹಾರನ್ ಸ್ಪೀಕರನ್ನು ರಸ್ತೆಯ ಕಡೆ ತಿರುಗಿಸಿ ಕಟ್ಟುತ್ತಾರೆ. ಹೋಗಿಬರುವವರಿಗೂ ಕೇಳಲಿ ಎಂದು. ಅದು ಸರಿಯಾಗಿ ಮಕ್ಕಳ ತಲೆಯ ಮೇಲೆ ಇತ್ತು.

ಒಳಗೆ ಪರದೆ ಎದ್ದಿತು. ಸಭೆಯ ಹಿರಿಯ ಕೇಳಿದ: “ಅಂಥದ್ದೇನು ಅಂದರಮ್ಮ? ನಾಚಿಕೊಳ್ಳದೆ ಹೇಳು.”

ಬೆಳ್ಳಿ ಬಣ್ಣ ಬಳಿದುಕೊಂಡಿದ್ದ ನಯನ ಹೊನ್ನೇಶನ ಕಡೆ ನೋಡಲಿಲ್ಲ. ಮುಂದಿನ ಸಾಲನ್ನು ನೋಡಿದಳು. ನೋಡಿದ್ದೇ ತಪ್ಪಾಯಿತು. ರವಿಕುಮಾರನ ಬಿಳಿ ಅಂಗಿ ಕಣ್ಣಿಗೆ ಬಿತ್ತು. ಮಾತು ಬಂತು, ಆದರೆ ಗುಬ್ಬಿಯ ದನಿಯಲ್ಲಿ. ಮೊದಲ ಸಾಲುಗಳಿಗೆ ಮಾತ್ರ ಕೇಳಿಸಿತು. ಸುಲೋಚನಮ್ಮ ಕಿವಿ ಮುಚ್ಚಿಕೊಂಡರು. ಹಿಂದೆ ಕೂತವರು ‘ಏನಂದ್ಳು, ಏನಂದ್ಳು’ ಎಂದು ಪಿಸುಗುಟ್ಟಿದರು. ರವಿಕುಮಾರ ನಿಧಾನವಾಗಿ ಕಾಲ ಮೇಲೆ ಕಾಲು ಹಾಕಿಕೊಂಡ.

ಆಗ ರಂಗದ ಪಕ್ಕದಿಂದ, ಬಟ್ಟೆಯ ಗಂಟುಗಳ ಮಧ್ಯೆ ನಿಂತಿದ್ದ ಕರಿಯಮ್ಮ ಹೊಲದ ದನಿಯಲ್ಲಿ ಕೂಗಿದಳು.

“ಹಿಂದ್ಲೋರ್ಗೆ ಕೇಳ್ಲಿಲ್ಲ ಕಣೇ! ಮೈಕ್ ಹತ್ರ ಹೋಗಿ ಇನ್ನೊಂದ್ ಸಲ ಹೇಳು!”

ಯಾರೋ ಹಿಂದಿನ ಸಾಲಿನ ಮುದುಕಿ, “ಹೂಂ ಕಣವ್ವ, ಹೇಳು,” ಎಂದಳು.

ನಯನ ಮೈಕಿನ ಬಳಿಗೆ ನಡೆದಳು. ಅದನ್ನು ಎರಡು ಕೈಯಲ್ಲೂ ಹಿಡಿದಳು.

“‘ಏಳೂರ ಸೂಳೆ, ನನ್ನತ್ರ ಗರತಿ ಆಟ ಆಡ್ತೀಯೇನೇ? ಸೆರಗು ಬಿಚ್ಚು, ಸಂಬಳದ ಮಾತು ಆಮೇಲೆ.’ ಹೀಗಂದ್ರು.”

ಹಾರನ್ ಆ ಮಾತನ್ನು ರಸ್ತೆಗೆ, ಮಂಡಕ್ಕಿ ಗಾಡಿಗೆ, ಬಸ್ಸಿಗೆ ಕಾಯುತ್ತಿದ್ದವರಿಗೆ, ನರಿಯ ಕಥೆ ಕೇಳುತ್ತಿದ್ದ ಮಕ್ಕಳಿಗೆ ಎಲ್ಲರಿಗೂ ಸಮನಾಗಿ ಹಂಚಿತು. ಭಾಗೀರಥಮ್ಮನ ಕಥೆ ನಿಂತುಹೋಯಿತು.

“ಅಜ್ಜಿ, ಹಂಗಂದ್ರೆ ಏನು?” ಎಂದಿತು ಒಂದು ಮಗು.

ಸುಳ್ಳು ಹೇಳಲು ಅವರ ನಾಲಿಗೆ ಹೊರಳಿತು. ಮತ್ತೆ ನಿಂತಿತು. “ಅದು ಹೊಲಸು ಮಾತು ಮಗೂ. ಯಾರೂ ಕೇಳಿಸ್ಕೊಳ್ತಿಲ್ಲ ಅಂದ್ಕೊಂಡಾಗ ಕೆಲವರು ಆಡ್ತಾರೆ. ನೀವು ಆಡಬಾರದು. ನಿಮಗೆ ಯಾರಾದ್ರೂ ಅಂದ್ರೆ ಮಾತ್ರ, ಆ ಅಕ್ಕ ಹೇಳಿದಳಲ್ಲ, ಅಷ್ಟು ಗಟ್ಟಿಯಾಗಿ ಬಂದು ಹೇಳಬೇಕು.”

“ನಮ್ಮನೇಲಿ ಅಪ್ಪ ಅಂತಾರಲ್ಲ,” ಎಂದಳು ಭವ್ಯಳ ಮಗಳು, ಮಂಡಕ್ಕಿ ಅಗಿಯುತ್ತಾ.

ಭವ್ಯ ಕಂಬಕ್ಕೆ ಒರಗಿ ನಿಂತಿದ್ದಳು. ಮಗಳು ಹೇಳುವ ಮುಂಚೆಯೇ ಅವಳ ಮುಖದ ಬಣ್ಣ ಇಳಿದಿತ್ತು. ಏಳೂರು, ಗರತಿ ಆಟ, ಆ ಎರಡು ಪದಗಳ ನಡುವೆ ಉಸಿರು ಬಿಡುವ ಜಾಗ ಕೂಡ ಅವಳಿಗೆ ಗೊತ್ತಿತ್ತು. ಅದು ಊರಿನ ಬೈಗುಳವಲ್ಲ. ಅವಳ ಅಡಿಗೆಮನೆಯದು. ತನಗೊಬ್ಬಳಿಗೇ ಬಂದ ಪಾಪವೆಂದು ಯಾರಿಗೂ ಹೇಳದೆ ನುಂಗಿಕೊಂಡಿದ್ದು.

“ಅಜ್ಜಿ, ಇವಳನ್ನ ಸ್ವಲ್ಪ ನೋಡ್ಕೊಳ್ಳಿ,” ಎಂದು ಒಳಗೆ ನಡೆದಳು.

ಚಾಪೆಗಳ ನಡುವೆ ದಾರಿ ಮಾಡಿಕೊಂಡು, ಕಾಲು ತುಳಿಸಿಕೊಂಡವರ ಬೈಗುಳವನ್ನೂ ಕೇಳಿಸಿಕೊಳ್ಳದೆ, ನೇರ ಮುಂದಿನ ಸಾಲಿಗೆ ಬಂದು ಗಂಡನೆದುರು ನಿಂತಳು. ಅವಳ ನೆರಳು ಅವನ ಅಂಗಿಯ ಮೇಲೆ ಬಿತ್ತು.

“ಆ ಹುಡುಗಿ ನಮ್ಮನೆಗೆ ಯಾವತ್ತು ಬಂದಿದ್ಳು ರೀ?”

“ಯಾವ ಹುಡುಗಿ? ಏ, ಕೂತ್ಕೊಳ್ಳೇ, ಜನ ನೋಡ್ತಾರೆ. ನಾಟಕ ಕಣೇ, ನಾಟಕ.”

“ನಮ್ಮನೆ ಹೊಸ್ಲು ತುಳೀದೇ ಇರೋಳಿಗೆ ನೀವು ನಂಗೆ ಅನ್ನೋ ಮಾತು ಹೆಂಗೆ ಗೊತ್ತಾಯ್ತು?”

ರವಿಕುಮಾರ ನಗಲು ನೋಡಿದ. ವಿಚಾರಣೆಯಲ್ಲಿ ನಕ್ಕ ನಗು ಇಲ್ಲಿ ಬರಲಿಲ್ಲ. ಸುಲೋಚನಮ್ಮ ಕಿವಿಯಿಂದ ಕೈ ತೆಗೆದರು. ತಮ್ಮ ಕುರ್ಚಿಯನ್ನು ಅವನ ಕುರ್ಚಿಯಿಂದ ಸರ್‍ರೆಂದು ಆಚೆಗೆ ಎಳೆದುಕೊಂಡರು.

ಮೇಲೆ ರಂಗದಲ್ಲಿ ಸಭೆಯ ಹಿರಿಯನ ಪಾತ್ರಧಾರಿ ಮುಂದಿನ ಮಾತು ಹೇಳಬೇಕೋ ಬೇಡವೋ ತಿಳಿಯದೆ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು ತಡೆದರು. ನಯನ ಮೈಕನ್ನು ಅದರ ಕೋಲಿನಿಂದ ಬಿಚ್ಚಿ, ರಂಗದ ಅಂಚಿಗೆ ಬಂದು ಮಂಡಿಯೂರಿ, ಕೆಳಗೆ ನಿಂತಿದ್ದ ಭವ್ಯಳ ಕೈಗೆ ಕೊಟ್ಟಳು.